ಎರಡೂ ಕಡೆ ಏಳೇಳು ಎಲೆ

ಕೊನೆಯ ಕೊಪ್ಪರಿಗೆ ಏರಿಸಿದ್ದೇ ತಡ, ಜೀಪಿನ ಹಿಂಭಾಗ ಕೆಸರಿಗಿಳಿದ ಎಮ್ಮೆಯ ಹಾಗೆ ಕುಸಿದು ಕೂತಿತು. ಹಲಸೂರಿನ ಬೀದಿಯಲ್ಲಿ ಬೆಳಗಿನ ಏಳು ಗಂಟೆಗೆ ಇಂಥ ಮೋಜು ಸಿಕ್ಕರೆ ಯಾರು ಬಿಡುತ್ತಾರೆ? ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸುವುದನ್ನೂ ಮರೆತು ಬಂದು ಸುತ್ತ ನಿಂತರು.

ಅಂಜನಮೂರ್ತಿಯದು ಬಾಡಿಗೆ ಪಾತ್ರೆಯ ಅಂಗಡಿ. ಯುದ್ಧ ಮುಗಿದ ಮರುವರ್ಷ ಮಿಲಿಟರಿಯವರು ಬೇಡದ ಗಾಡಿಗಳನ್ನು ಹರಾಜು ಹಾಕಿದಾಗ ಅವನೂ ಒಂದು ಜೀಪು ಕೂಗಿ ತಂದಿದ್ದ. ಅದರ ಬೆನ್ನು ಕತ್ತರಿಸಿ, ಎರಡಡಿ ಉದ್ದ ಮಾಡಿಸಿ, ಮರದ ದೊಡ್ಡ ಪೆಟ್ಟಿಗೆ ಕೂರಿಸಿದ್ದ. ಗುಡ್ಡ ಹತ್ತಿ ಹಳ್ಳ ಇಳಿದ ಗಾಡಿ ನಾಲ್ಕು ಹಂಡೆ ಹೊರುವುದಿಲ್ಲವೇ ಎಂಬುದು ಅವನ ವಾದ. ಹೊರಬೇಕಾದರೆ ಕೆಳಗಿನ ಸ್ಪ್ರಿಂಗಿನ ಕಮಾನು ಪಟ್ಟಿಗಳಿಗೂ ತ್ರಾಣ ಬೇಕೆಂಬುದು ಮಾತ್ರ ಅವನಿಗೆ ಈಗ ಹೊಳೆಯಿತು.

ಅದೂ ಇವತ್ತೇ ಹೊಳೆಯಬೇಕೆ? ಕೃಷ್ಣರಾಜಪುರದ ಚಿನ್ನಪ್ಪನವರ ಮಗಳ ಮದುವೆ. ಚಪ್ಪರದ ದಿನದ ಅಡುಗೆಗೆ ಸಂಜೆ ನಾಲ್ಕರೊಳಗೆ ಪಾತ್ರೆ ಅಲ್ಲಿರಬೇಕು. ಚಿನ್ನಪ್ಪನವರ ಮನೆಗೆ ಯಾರ ಪಾತ್ರೆ ಹೋಗುತ್ತದೋ, ಆ ಸೀಮೆಯ ಮದುವೆಗಳೆಲ್ಲ ಅವರ ಪಾಲಿಗೆ. ಹತ್ತು ವರ್ಷದಿಂದ ಆ ಭಾಗ್ಯ ಎದುರಂಗಡಿಯ ಬೈಲಪ್ಪನದಾಗಿತ್ತು. ಅವನು ಪಾತ್ರೆ ಸಾಗಿಸುತ್ತಿದ್ದುದು ಎತ್ತಿನ ಗಾಡಿಯಲ್ಲಿ. ಈ ಸಲ ಮಾತ್ರ ಮದುವೆ ಅಂಜನಮೂರ್ತಿಯ ಪಾಲಿಗೆ ಬಂದಿತ್ತು.

“ಎತ್ತು ಕಳಿಸ್ಲೇನೋ ಮೂರ್ತಿ?” ಎಂದ ಬೈಲಪ್ಪ, ತನ್ನ ಜಗಲಿಯಿಂದಲೇ.

“ನಿನ್ನ ಎತ್ತಿಗೆ ಹುಲ್ಲು ಹಾಕು, ಹೋಗು. ಇವತ್ತು ಈ ಜೀಪಲ್ಲೇ ಪಾತ್ರೆ ಕೃಷ್ಣರಾಜಪುರ ಸೇರ್ಲಿಲ್ಲ ಅಂದ್ರೆ ನನ್ನ ಅಂಗಡಿ ಬೋರ್ಡು ಇಳಿಸ್ತೀನಿ.”

ಪಾತ್ರೆಗಳನ್ನೆಲ್ಲ ಇಳಿಸಿ, ಬರೀ ಜೀಪನ್ನು ಶಿವಾಜಿನಗರದ ಮುನೀರನ ಷೆಡ್ಡಿಗೆ ಓಡಿಸಿದ. ಪಕ್ಕದ ಮನೆಯ ಆದಿನಾರಾಯಣ ಕರೆಯದೇ ಹತ್ತಿ ಕೂತಿದ್ದ. ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತನಾಗಿದ್ದವನು. ಕಂಕುಳಲ್ಲಿ ಇಂಗ್ಲಿಷ್ ಪುಸ್ತಕ ಬೇರೆ.

ಮುನೀರ್ ಅಡಿಗೆ ನುಸುಳಿ ನೋಡಿ ಹೊರಬಂದ. “ಈ ತೆಳ್ಳಗಿನ ಪಟ್ಟಿ ಎಲ್ಲಾ ತೆಗೀಬೇಕು ಭಾಯ್. ಲಾರೀದು ದಪ್ಪ ಪಟ್ಟಿ ಇದೆ, ಕಟ್ ಮಾಡಿ ಹಾಕ್ತೀನಿ. ಒಂದೊಂದು ಕಡೆಗೆ ಐದು ಸಾಕು.”

“ಪಟ್ಟಿ ಗಿಟ್ಟಿ ಅಂತ ಬುಕ್ಕಲ್ಲಿ ಎಲ್ಲೂ ಇಲ್ಲ ಕಣಯ್ಯ,” ಎಂದ ಆದಿನಾರಾಯಣ. “ಲೀಫ್ ಅಂತಿದೆ. ಲೀಫ್ ಅಂದ್ರೆ ಎಲೆ. ಇಷ್ಟು ಭಾರಕ್ಕೆ ಕಡೆಗೆ ಒಂಬತ್ತು ಎಲೆ ಹಾಕ್ಲೇಬೇಕು.”

“ಒಂಬತ್ತು ಹಾಕಿದ್ರೆ ಬಗ್ಗೋದೇ ಇಲ್ಲ ಸಾಬ್. ಹಳ್ಳಕ್ಕೆ ಬಿದ್ರೆ ಹಲ್ಲು ಕೈಗೆ ಬರುತ್ತೆ.”

ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ಬಂದು, ಒಂದು ಕಡೆ ಐದು, ಇನ್ನೊಂದು ಕಡೆ ಒಂಬತ್ತು ಹಾಕಿದರೆ ಇಬ್ಬರ ಮಾತೂ ನಡೆದಂತಾಯಿತು ಎಂದು ತೀರ್ಪು ಕೊಟ್ಟ. ಐದು ಎಲೆ ಹಾಕಿ, ದಾರಿಯಲ್ಲಿದ್ದ ಹತ್ತು ಮಂದಿಯನ್ನು ಹಿಂದೆ ಕೂರಿಸಿ ನೋಡಿದರು. ಜೀಪು ಮತ್ತೆ ಕುಕ್ಕರುಗಾಲಲ್ಲಿ ಕೂತಿತು. ಒಂಬತ್ತು ಹಾಕಿ ನೋಡಿದರು. ಕೂರಿಸಿದವರ ಸೊಂಟ ಹಿಡಿಯಿತೇ ಹೊರತು ಜೀಪು ಮಿಸುಕಲಿಲ್ಲ. ಹನ್ನೊಂದು ಗಂಟೆಯಾಗಿತ್ತು. ಅಂಜನಮೂರ್ತಿಗೆ ರೇಗಿತು.

“ಇಬ್ಬರ ಮಾತೂ ಬೇಡ. ಏಳು. ಗಾಡಿ ನಂದು, ನಾನು ಹೇಳಿದ್ದೇ ಎಲೆ.”

ಅಷ್ಟರಲ್ಲಿ ಬಳೆಯ ಗಂಟು ಹಿಡಿದ ಒಬ್ಬ ಹೆಂಗಸು ಅಲ್ಲಿ ನಿಂತರು. ಚಿನ್ನಪ್ಪನವರ ಅಕ್ಕ ದೊಡ್ಡಮುನಿಯಮ್ಮ. ಮದುವೆಯ ಬಳೆಗೆಂದು ಬಂದವರು ಬಸ್ಸಿಗೆ ಹೊರಟಿದ್ದರು.

“ಪಾತ್ರೆ ಮೂರ್ತಿ ಅಲ್ವೇನಪ್ಪ? ಇನ್ನೂ ಇಲ್ಲೇ ಇದೀಯಾ? ಏನಿದು ಗಲಾಟೆ?”

“ನಿಮ್ಮ ಮದುವೇದೇ ಅಕ್ಕಾ. ಎಷ್ಟು ಎಲೆ ಅಂತ ಬೆಳಗ್ಗಿಂದ ತಲೆ ತಿಂತಾವ್ರೆ. ನಾನು ಹೇಳ್ಬಿಟ್ಟೆ, ಎರಡೂ ಕಡೆ ಏಳೇಳು ಎಲೆ ಸಾಕು ಅಂತ.”

“ಏಳೇಳೇ? ನಮ್ಮ ಚಿನ್ನಪ್ಪ ಒಪ್ಪಿದಾನಾ?”

“ಅವರನ್ನ್ಯಾಕೆ ಕೇಳ್ಬೇಕು? ಭಾರ ಹೊರೋನು ನಾನು. ಅದಕ್ಕಿಂತ ಜಾಸ್ತಿ ಆದ್ರೆ ಎಲ್ಲರ ಹೊಟ್ಟೆ ಕಲಸಿಹೋಗುತ್ತೆ. ಯಾವ ದೊರೆ ಬಂದು ಹೇಳಿದ್ರೂ ಒಂದು ಎಲೆ ಜಾಸ್ತಿ ಹಾಕಲ್ಲ.”

ದೊಡ್ಡಮುನಿಯಮ್ಮ ತೆರೆದ ಬಾಯಿ ಮುಚ್ಚದೆ ಬಸ್ಸಿನ ಕಡೆ ನಡೆದರು. ತನ್ನ ಗಟ್ಟಿತನಕ್ಕೆ ಅವರು ಬೆರಗಾದರೆಂದು ಅಂಜನಮೂರ್ತಿ ಬೀಗಿದ.

ಮಧ್ಯಾಹ್ನ ಎರಡಕ್ಕೆ ಪಟ್ಟಿ ಕೂತಿತು. ಹಲಸೂರಿಗೆ ಬಂದು ಪಾತ್ರೆಗಳನ್ನೆಲ್ಲ ಏರಿಸಿದರೆ ಜೀಪು ತಲೆಯೆತ್ತಿ ನೆಟ್ಟಗೆ ನಿಂತಿತು. ಬೈಲಪ್ಪನಿಗೆ ತೋರಿಸೋಣವೆಂದರೆ ಅವನ ಅಂಗಡಿಯ ಬಾಗಿಲು ಹಾಕಿತ್ತು. ನಾಚಿಕೆಯಿಂದ ಅವಿತಿದ್ದಾನೆ ಎಂದು ನಕ್ಕು ಅಂಜನಮೂರ್ತಿ ಗಾಡಿ ಬಿಟ್ಟ. ಮದರಾಸು ರಸ್ತೆಯ ಉದ್ದಕ್ಕೂ ಹಾರನ್ನು ಬಾರಿಸಿಕೊಂಡೇ ಹೋದ. ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ, ಆದರೂ ಹಸಿವು ತಿಳಿಯಲಿಲ್ಲ. ಮೂರೂವರೆಗೆ ಚಿನ್ನಪ್ಪನವರ ಚಪ್ಪರದೆದುರು ನಿಲ್ಲಿಸಿದ.

ಯಾರೂ ಪಾತ್ರೆ ಇಳಿಸಲು ಬರಲಿಲ್ಲ. ಹಿತ್ತಲಿನಲ್ಲಿ ಆಗಲೇ ಹೊಗೆ ಏಳುತ್ತಿತ್ತು. ಬೇಲಿಯ ಪಕ್ಕ ಎರಡು ಎತ್ತು ಹುಲ್ಲು ಮೇಯುತ್ತಿದ್ದವು. ಅವು ಬೈಲಪ್ಪನವು.

“ಬಂದ್ಯೇನಪ್ಪ, ಧರ್ಮರಾಯ?” ಎಂದರು ಚಿನ್ನಪ್ಪ. “ಹೆಣ್ಣಿನ ಕಡೆ ಏಳು ಎಲೆ, ಗಂಡಿನ ಕಡೆ ಏಳು ಎಲೆ. ಜಾಸ್ತಿ ತಿಂದ್ರೆ ಹೊಟ್ಟೆ ಕೆಡುತ್ತೆ ಅಂದ್ಯಂತೆ. ಈ ರೇಷನ್ ಕಾಲದಲ್ಲೂ ಮುನ್ನೂರು ಎಲೆಗೆ ಅಕ್ಕಿ ಹೊಂದಿಸಿದೀನಿ ನಾನು. ನನ್ನ ಮನೇಲಿ ಎಲೆ ಎಣಿಸೋಕೆ ನೀನ್ಯಾರಯ್ಯ? ಬೀಗರ ಕಿವಿಗೆ ಬಿದ್ದು, ನಮ್ಮಲ್ಲಿ ಯಾವ ಏಳು ಜನ ಬರ್ಬೇಕು ಅಂತ ಕೇಳಿ ಕಳಿಸಿದ್ರು. ಬೈಲಪ್ಪನಿಗೆ ಹೇಳಿ ಕಳಿಸ್ದೆ, ಅವನು ಒಂದು ಗಂಟೆಗೇ ಅಲ್ಲಿಂದ ಗಾಡಿ ಕಟ್ಕೊಂಡು ಹೊರಟು ಬಂದ.”

ಅಂಜನಮೂರ್ತಿಗೆ ತಲೆಯ ಮೇಲೆ ಹಂಡೆ ಬಿದ್ದಂತಾಯಿತು. ಆದರೆ ತಪ್ಪಾಯಿತು ಎನ್ನುವ ಜಾಯಮಾನ ಅವನದಲ್ಲ. ಚಿನ್ನಪ್ಪನವರ ಕೈಹಿಡಿದು ಎಳೆದೊಯ್ದು ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂರಿಸಿದ.

“ಎಣಿಸಿ ಯಜಮಾನ್ರೆ. ಇವೇ ಎಲೆ. ಈ ಕಡೆ ಏಳು, ಆ ಕಡೆ ಏಳು. ಎಣಿಸಿದ ಮೇಲೆ ಮಾತಾಡಿ.”

ಚಿನ್ನಪ್ಪ ಕಬ್ಬಿಣದ ಪಟ್ಟಿಗಳ ಮೇಲೆ ಬೆರಳಿಟ್ಟು ಎಣಿಸಿದರು. ಏಳಕ್ಕೆ ಬಂದಾಗ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ದೊಡ್ಡಮುನಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು.

“ತಪ್ಪು ನಮ್ದೇ ಕಣಪ್ಪ,” ಎಂದರು ಚಿನ್ನಪ್ಪ ಕಣ್ಣೊರೆಸಿಕೊಳ್ಳುತ್ತ. “ಆದ್ರೆ ಬೈಲಪ್ಪನ ಹಂಡೇಲಿ ಎಸರು ಕುದೀತಾ ಇದೆ, ಇಳಿಸೋಕಾಗಲ್ಲ. ಮನೆ ಪಾತ್ರೇಲಿ ಮಾಡಿದ ಮಧ್ಯಾಹ್ನದ ಊಟದ್ದು ಕೊನೇ ಪಂಕ್ತಿ ಕೂತಿದೆ, ಉಂಡ್ಕೊಂಡು ಹೋಗು.”

ಅಂಜನಮೂರ್ತಿ ಬೇಡವೆಂದು ಬಾಯಿ ತೆರೆದ. ಹೊಟ್ಟೆ ಬೇರೆಯೇ ಹೇಳಿತು. ಹೋಗಿ ಸಾಲಿನ ತುದಿಯಲ್ಲಿ ಕೂತ. ಟವಲು ಸೊಂಟಕ್ಕೆ ಬಿಗಿದ ಬೈಲಪ್ಪನೇ ಬಡಿಸುತ್ತ ಬಂದು ಅವನೆದುರು ನಿಂತ.

“ಮಧ್ಯಾಹ್ನದ ಎಲೆ ಮುಗೀತಲ್ಲೋ ಮೂರ್ತಿ. ಸಂಜೇದು ಇನ್ನೂ ಬಂದಿಲ್ಲ. ನಿನ್ನ ಹತ್ರ ಹದಿನಾಲ್ಕು ಇದಾವಲ್ಲ, ಒಂದು ಬಿಚ್ಕೊಂಡು ಬಾ.”

ಪಂಕ್ತಿ ಉಣ್ಣುವುದನ್ನು ಬಿಟ್ಟು ನಕ್ಕಿತು. ಅಂಜನಮೂರ್ತಿ ಎದ್ದ. ನೆಟ್ಟಗೆ ಜೀಪಿಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆಯ ಮುಚ್ಚಳ ಹೊತ್ತು ತಂದ. ಅಂಗಾತ ಮಾಡಿ ಎದುರಿಗಿಟ್ಟುಕೊಂಡು, ಎರಡಾಳಿನ ಜಾಗ ಹಿಡಿದು ಕೂತ.

“ಬಡಿಸು,” ಎಂದ. “ನನ್ನ ಪಾತ್ರೇಲಿ ಊಟ ಆಗ್ದೆ ಈ ಮದುವೆ ನಡಿಯಲ್ಲ.”

ಬೈಲಪ್ಪ ಒಂದೇ ಒಂದು ಸೌಟು ಅನ್ನ ಹಾಕಿ ಮುಂದೆ ಹೋದ. ಅಷ್ಟು ದೊಡ್ಡ ಮುಚ್ಚಳದಲ್ಲಿ ಅದು ಎಲ್ಲಿ ಬಿತ್ತೆಂದು ಅಂಜನಮೂರ್ತಿ ಬಗ್ಗಿ ಹುಡುಕಬೇಕಾಯಿತು.