ಕಳಿಸಿಕೊಟ್ಟ ಮೇಲೆ ತಿರುಗಿ ಬಂದವರು

ಅದಕ್ಕೆ ಒಂದು ಹೆಸರಿದೆ. ಬುಟ್ಟಿ ಅಲ್ಲ, ಬುಟ್ಟಿ ಅಂತ ಪೇಟೆಯವರೂ ಅನ್ನುತ್ತಾರೆ. ಕುಕ್ಕೆಯೂ ಅಲ್ಲ, ಕುಕ್ಕೆ ಚಿಕ್ಕದು. ಸೀಳಿದ ಬಿದಿರಿನಲ್ಲಿ ಹೆಣೆದದ್ದು, ಅಗಲ ಬಾಯಿಯದು, ತಲೆಯ ಮೇಲೆ ಹೊರುವುದು. ‘ಮ’ದಿಂದ ಶುರುವಾಗುತ್ತದೆ, ಅಷ್ಟು ಗೊತ್ತು. ಈಗ ತಾನೇ ನಾಗಪುರದ ನಮ್ಮ ಮನೆಯ ಅಟ್ಟದಿಂದ ಮೊಮ್ಮಗಳು ಅದನ್ನು ಇಳಿಸಿ, “ಅಜ್ಜಿ, ಇದಕ್ಕೆ ಏನಂತಾರೆ?” ಎಂದು ಕೇಳಿದಳು. ಹೆಸರು ನಾಲಿಗೆಯ ತುದಿಯಲ್ಲೇ ನಿಂತಿತು. ಅದರ ಬದಲು, ಅದು ನಮ್ಮ ಮನೆಗೆ ಬಂದ ಕತೆಯೆಲ್ಲ ಹೊರಗೆ ಬರುತ್ತಿದೆ. ನಮ್ಮ ಮಳವಳ್ಳಿಯವರ ನಡುವೆ ಇಂಥವು ಆಗುತ್ತಲೇ ಇರುತ್ತಿದ್ದವು. ಅವರ ಕೈಗೆ ಸಿಕ್ಕರೆ ಊರು ಬಿಟ್ಟು ಹೋಗುವುದೂ ನೆಟ್ಟಗೆ ಆಗುವುದಿಲ್ಲ.

೧. ಕಿತ್ತಳೆ ಹಣ್ಣು

ಎಪ್ಪತ್ತರ ದಶಕ. ಮಂಡ್ಯದಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ನಮ್ಮ ಯಜಮಾನರಿಗೆ ನಾಗಪುರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಎಲ್ಲರಿಗೂ ಹೇಳಿ ಬರೋಣವೆಂದು ನಾವಿಬ್ಬರೂ, ಆರು ವರ್ಷದ ಮಗಳೂ ಮಳವಳ್ಳಿಗೆ ಹೋದೆವು. ತಾಯಿಯಿಲ್ಲದ ನನ್ನನ್ನು ಸಾಕಿದ್ದು ದೊಡ್ಡವ್ವ. ಅವಳು ಒಂದು ಸಲ ಬಾಯಿ ತುಂಬ ‘ಮತ್ತೆ ಬಾ’ ಅಂದುಬಿಟ್ಟರೆ ಸಾಕು, ಎಷ್ಟು ದೂರವಾದರೂ ಹೋಗಿಬಿಡುತ್ತೇನೆ ಎಂದುಕೊಂಡಿದ್ದೆ.

ದೊಡ್ಡವ್ವ ಮುದ್ದೆ ಕಟ್ಟುತ್ತ ಕೇಳಿದಳು: “ಅಲ್ಲಿ ರಾಗಿ ಬೆಳೀತಾರಾ?”

“ಇಲ್ಲ ದೊಡ್ಡವ್ವ. ಜೋಳ ಬೆಳೀತಾರೆ. ಕಿತ್ತಳೆ ಹಣ್ಣು ಬೆಳೀತಾರೆ.”

ಅವಳು ಯಜಮಾನರ ಕಡೆ ತಿರುಗಿದಳು. “ಕಿತ್ಲೆ ಅಣ್ ತಿನ್ನಾಕೆ ನಮ್ ಮಗೀನ ಅಷ್ಟ್ ದೂರ ಕರ್ಕಂಡ್ ಓಯ್ತಿದ್ದೀರಾ, ಅಳಿಯಂದ್ರೆ?”

ಸರ್ಕಾರದ ಆರ್ಡರು, ನಮ್ಮ ಕೈಲೇನಿದೆ ಎಂದು ಅವರು ವಿವರಿಸಿದರು.

“ಸರ್ಕಾರ ಓಗು ಅಂದ್ರೆ ಓಯ್ತೀರಿ. ನಾ ಇರಿ ಅಂದ್ರೆ ಇರಾಕಿಲ್ಲ. ಓಗ್ರಪ್ಪ. ಓಗೋರ್ಗೆಲ್ಲ ಬಾ ಬಾ ಅಂತ ಕೂತಿರಾಕೆ ನಂಗೇನು ಬ್ಯಾರೆ ಕೆಲ್ಸ ಗೇಮೆ ಇಲ್ವಾ?”

ನನ್ನ ಆಸೆಗೆ ಅಲ್ಲೇ ಮಣ್ಣು ಬಿತ್ತು. ಇನ್ನು ಯಜಮಾನರು. ಆಫೀಸಿನಲ್ಲಿ ಅವರು ಕೆಮ್ಮಿದರೆ ಗುಮಾಸ್ತರೆಲ್ಲ ಎದ್ದು ನಿಲ್ಲುತ್ತಿದ್ದರಂತೆ. ಇಲ್ಲಿ ದೊಡ್ಡವ್ವ ತಟ್ಟೆಗೆ ಎಸೆದ ಮುದ್ದೆಯನ್ನೆಲ್ಲ, ಬೇಡ ಎನ್ನಲೂ ಧೈರ್ಯ ಸಾಲದೆ, ದಂಡ ಕಟ್ಟುವವರ ಹಾಗೆ ನುಂಗುತ್ತ ಕೂತರು.

೨. ಹಿಮ

ಸುದ್ದಿ ಕೇಳಿ ಬೀದಿಯ ಕೊನೆಯ ರಿಟೈರ್ಡ್ ಮೇಷ್ಟ್ರು ಬಂದರು. ಆ ಕಡೆ ಮದ್ದೂರು, ಈ ಕಡೆ ಮೈಸೂರು, ಅದರಾಚೆ ಕಾಲಿಟ್ಟವರಲ್ಲ. ಆದರೆ ಅವರಿಗೆ ಗೊತ್ತಿಲ್ಲದ ಊರು ಭೂಮಿಯ ಮೇಲೆ ಇರಲಿಲ್ಲ.

“ನಾಗಪುರವೇ? ವಿಪರೀತ ಚಳಿ. ಹಿಮ ಬೀಳುತ್ತೆ.”

“ಬೇಸಿಗೆಯಲ್ಲಿ ಬೆಂಕಿಯಂಥ ಬಿಸಿಲು ಅಂತ ಕೇಳಿದ್ದೀನಿ, ಮೇಷ್ಟ್ರೇ,” ಎಂದರು ಯಜಮಾನರು.

“ನೀವು ಕೇಳಿದ್ದೀರಿ. ನಾನು ಪಾಠ ಮಾಡಿದ್ದೀನಿ.”

ಅಷ್ಟಕ್ಕೆ ಇಡೀ ಬೀದಿ ಮೇಷ್ಟ್ರ ಪಕ್ಷ ಸೇರಿತು. ಮಗು ಹಿಮದಲ್ಲಿ ನಡುಗುತ್ತದಲ್ಲ ಎಂದು ಹೆಂಗಸರು ಲೊಚಗುಟ್ಟಿದರು. ಮೇಷ್ಟ್ರು ಮನೆಗೆ ಹೋಗಿ ಕುರಿಯುಣ್ಣೆಯ ಒಂದು ಕಂಬಳಿ ತಂದು, ಬಹುಮಾನ ಕೊಡುವ ಹಾಗೆ ಯಜಮಾನರ ಹೆಗಲಿಗೆ ಹೊದಿಸಿದರು. ನಮ್ಮ ಕಡೆಯ ಹೆಸರಾಂತ ಬಂಡೂರು ಕುರಿಯದೇ ಉಣ್ಣೆ ಎಂದು ಅವರೇ ಹೇಳಿದ್ದು. ಮುಳ್ಳುಹಂದಿಯದು ಎಂದಿದ್ದರೂ ನಂಬಬಹುದಿತ್ತು, ಹಾಗೆ ಚುಚ್ಚುತ್ತಿತ್ತು.

ನಾಗಪುರದ ಮೇ ತಿಂಗಳಲ್ಲಿ ನಾವು ಅದೇ ಕಂಬಳಿಯನ್ನು ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟಿಕೊಂಡು ಅದರ ಕೆಳಗೆ ಬಿದ್ದುಕೊಂಡಿದ್ದೆವು. ಮೇಷ್ಟ್ರ ಹಿಮ ನಮ್ಮ ಪಾಲಿಗೆ ಬಿದ್ದದ್ದು ಅಷ್ಟೇ.

೩. ಬಂಡೆ

ಊರು ಬಿಡುವವರು ಶಿವನಸಮುದ್ರದ ಜಲಪಾತ ನೋಡದೆ ಹೋಗಬಾರದು ಎಂದು ಚಿಕ್ಕಪ್ಪ ಹಟ ಹಿಡಿದ. ಬಸ್ಸಲ್ಲಿ ಜೋತಾಡಿಕೊಂಡು ಹೋದೆವು. ಬಿರುಬೇಸಿಗೆ. ಇದ್ದ ನೀರನ್ನು ಕರೆಂಟಿಗೆ ತಿರುಗಿಸಿದ್ದರು. ಬಂಡೆಯ ಸಂದಿಯಲ್ಲಿ ಯಾರೋ ನಲ್ಲಿ ಸರಿಯಾಗಿ ನಿಲ್ಲಿಸದೆ ಹೋದ ಹಾಗೆ ಒಂದು ಎಳೆ ಇಳಿಯುತ್ತಿತ್ತು.

“ನೀರೇ ಇಲ್ಲವಲ್ಲ ಚಿಕ್ಕಪ್ಪ!”

ಚಿಕ್ಕಪ್ಪನಿಗೆ ನಾಚಿಕೆಯಾಗಬೇಕಿತ್ತು. ಅವನು ಎದೆ ಸೆಟೆಸಿದ. “ನೀರ್ನ ಯಾರು ಬೇಕಾರೂ ನೋಡ್ತಾರೆ ಕಣವ್ವ. ನೀರಿದ್ದಾಗ ಈ ಬಂಡೆ ಯಾರ್ಗೂ ಕಾಣಾಕಿಲ್ಲ. ನಿಂಗೆ ಅಂತ ತೋರುಸ್ತಾ ಇವ್ನಿ, ಸರ್ಯಾಗಿ ನೋಡ್ಕೊ.”

೪. ತೆಂಗಿನಕಾಯಿ

ಹೊರಡುವ ದಿನ ಮಡಿಲಕ್ಕಿಯ ಸಡಗರ. ಊರು ಬಿಡುವ ಮಗಳಿಗೆ ಮನೆಮನೆಯಲ್ಲೂ ಕರೆದು ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಬೇಕು. ಎಷ್ಟೋ ವರ್ಷ ಒಂದು ಎಸಳು ಕರಿಬೇವು ಕೊಡಲು ಮುಖ ಸಿಂಡರಿಸುತ್ತಿದ್ದವರೆಲ್ಲ ಅವತ್ತು ಧಾರಾಳಿಗಳು. ಎದುರುಮನೆಯ ಅಕ್ಕ ಅಂತೂ ನನ್ನನ್ನು ತಬ್ಬಿಕೊಂಡು, ಬೀದಿಗೆಲ್ಲ ಕೇಳುವಂತೆ ಅತ್ತು, ಒಂದು ತೆಂಗಿನಕಾಯಿ ಹಾಕಿದಳು.

ದೊಡ್ಡವ್ವ ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. “ಲೇ, ಇದು ಅವಳ್ ಮಗಳ್ ಮದ್ವೇಲಿ ನಾನೇ ಕೊಟ್ಟಿದ್ ಕಾಯಿ ಕಣೆ. ನೀರು ಬತ್ತೋಗದೆ.”

“ಹಾಗಾದ್ರೆ ಇಲ್ಲೇ ಇಟ್ಟು ಹೋಗ್ಲಾ?”

“ಬ್ಯಾಡ, ತಕ್ಕಂಡೋಗು. ಇಲ್ಲಿದ್ರೆ ಮತ್ತೆ ಅವ್ಳ ಮನೆಗೇ ಓಯ್ತದೆ. ಅದಾದ್ರೂ ಊರು ಬುಡ್ಲಿ.”

ಬಂದದ್ದೆಲ್ಲ ನಮ್ಮ ಚೀಲದಲ್ಲಿ ಹಿಡಿಸಲಿಲ್ಲ. ದೊಡ್ಡವ್ವ ಹಿತ್ತಲಿಗೆ ಹೋಗಿ ಈ ‘ಮ’ದಿಂದ ಶುರುವಾಗುವುದನ್ನು ತೊಳೆದು ತಂದು, ಹಳೇ ಸೀರೆ ಹಾಸಿ ಎಲ್ಲವನ್ನೂ ತುಂಬಿಕೊಟ್ಟಳು. ಕೊನೆಗೆ ತಾನೂ ಕುಂಕುಮವಿಟ್ಟು ಮಡಿಲು ತುಂಬಿದಳು. ‘ಮತ್ತೆ ಬಾ’ ಎಂದು ಈಗ ಅಂದಾಳು, ಈಗ ಅಂದಾಳು ಎಂದು ಅವಳ ಬಾಯನ್ನೇ ನೋಡಿದೆ.

“ಊಂ, ನಡೀರಿ. ಬಸ್ಸು ಬತ್ತದೆ.”

೫. ಯಾವೂರು?

ಬಸ್ಸು ಬರಲಿಲ್ಲ. ಮದ್ದೂರಿನ ಹತ್ತಿರ ಕಬ್ಬಿನ ಲಾರಿ ಮಗುಚಿ ದಾರಿ ಕಟ್ಟಿತ್ತು. ಬಸ್ಸುಗಳಲ್ಲಿದ್ದವರೆಲ್ಲ ಇಳಿದು ಕಬ್ಬು ಸಿಗಿಯುತ್ತ ಕೂತಿದ್ದಾರೆಂದೂ, ಇನ್ನು ಬೆಳಿಗ್ಗೆಯೇ ಬಸ್ಸೆಂದೂ ಸ್ಟ್ಯಾಂಡಿನಲ್ಲಿ ಹೇಳಿದರು. ಹೊರೆ ಹೊತ್ತ ಯಜಮಾನರು ಮುಂದೆ, ನಾವು ಹಿಂದೆ, ದೀಪ ಹಚ್ಚುವ ಹೊತ್ತಿಗೆ ಬೀದಿಗೆ ವಾಪಸಾದೆವು.

ಎದುರುಮನೆಯ ಅಕ್ಕ ಬೆಚ್ಚಿಬಿದ್ದಳು. “ಅಯ್ಯೋ, ಈಗ್ ತಾನೆ ಅತ್ತು ಮೊಕ ತೊಳ್ಕಂಡೆ! ಇನ್ನೊಂದ್ ಸತಿ ನನ್ ಕೈಲಿ ಆಗಾಕಿಲ್ಲ ಕಣವ್ವ.”

ನಮ್ಮ ಮನೆಯ ಬಾಗಿಲಲ್ಲಿ ದೊಡ್ಡವ್ವ ಕೈ ಅಡ್ಡ ಹಿಡಿದಳು. “ಅಲ್ಲೇ ನಿಲ್ಲಿ! ಮಡ್ಲು ತುಂಬಿ ಕಳಿಸ್ದೋರು ಅದೇ ದಿನ ತಿರುಗಿ ಒಸ್ಲು ತುಳೀಬಾರ್ದು. ಓದ್ ಕೆಲ್ಸ ಕೆಡ್ತದೆ.”

“ಮತ್ತೆ ನಾವು ಎಲ್ಲಿಗೆ ಹೋಗೋದು ದೊಡ್ಡವ್ವ?”

ಹುಟ್ಟಿದ ಊರಿನಲ್ಲಿ, ಬೆಳೆದ ಮನೆಯ ಮುಂದೆ, ಮೇಷ್ಟ್ರ ಕಂಬಳಿ ಹಿಡಿದು ನಿಂತುಕೊಂಡೆ. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಮಗಳು ಹಸಿವೆಂದು ಗೋಗರೆದಳು. ದೊಡ್ಡವ್ವ ಆ ಕಡೆ ಈ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಂದೂ ಕಾಣದವರನ್ನು ಮಾತಾಡಿಸುವ ದನಿಯಲ್ಲಿ ಕೇಳಿದಳು:

“ಯಾವೂರವ್ವ ನಿಮ್ದು?”

ಮದುವೆಯಾದ ಮೇಲೆ ಮೊದಲ ಬಾರಿಗೆ ಯಜಮಾನರ ಬುದ್ಧಿ ಓಡಿತು. “ನಾಗಪುರ ಕಣಮ್ಮ.”

“ಅಷ್ಟ್ ದೂರದಿಂದ ಬಂದಿದ್ದೀರಾ! ಬನ್ನಿ ಒಳೀಕೆ. ಪರಸ್ಥಳದೋರ್ನ ಬಾಗ್ಲಲ್ಲಿ ನಿಲ್ಲುಸ್ಬಾರ್ದು.”

ಎದುರುಮನೆಯ ಅಕ್ಕ ಇಣುಕಿದಳು. “ಯಾರಕ್ಕ ನೆಂಟ್ರು?”

“ಯಾರೋ ಕಣವ್ವ. ನಾಗಪುರದೋರಂತೆ. ಇಮ ಬೀಳೋ ಊರು. ಪಾಪ, ಎಂಗ್ ಬದುಕ್ತಾರೋ!”

ಊಟಕ್ಕೆ ಬಡಿಸುತ್ತ, “ನಮ್ ಕಡೆ ಮುದ್ದೆ ನಿಮ್ಗೆ ಒಗ್ತದೋ ಇಲ್ವೋ,” ಎಂದಳು. ಒಗ್ಗುವುದಿಲ್ಲ ಎನ್ನಲು ಯಜಮಾನರಿಗೆ ಕೊನೆಗೂ ಅವಕಾಶ ಸಿಕ್ಕಿತು. ಅವರಿಗೆ ಅನ್ನ ಬಿತ್ತು. ಮಗಳು ನನ್ನ ಕಿವಿಯಲ್ಲಿ, “ಅಮ್ಮ, ಅಜ್ಜಿಗೆ ಏನಾಯ್ತು?” ಎಂದಳು. ಸುಮ್ಮನೆ ತಿನ್ನು ಎಂದು ಗದರಿದೆ.

ಬೆಳಿಗ್ಗೆ ಹೊರಟಾಗ ಕುಂಕುಮವಿಲ್ಲ, ಮಡಿಲಕ್ಕಿಯಿಲ್ಲ. ಪರಸ್ಥಳದವರಿಗೆ ಅದೆಲ್ಲ ಯಾಕೆ? ದೊಡ್ಡವ್ವ ಕಂಬಕ್ಕೆ ಒರಗಿ ನಿಂತಿದ್ದಳು.

“ನಿಮ್ಮೂರ್ಗೆ ನಮ್ ಮಗ್ಳೊಬ್ಳು ಓಗವ್ಳೆ ಕಣವ್ವ. ನೆನ್ನೆ ಓದ್ಲು.”

“ಅವಳಿಗೇನಾದ್ರೂ ಹೇಳಬೇಕಾ?” ಎಂದೆ.

“ಮತ್ತೆ ಬಾ ಅಂದ್ರು ಅನ್ನು. ನಾ ಎದ್ರಿಗೆ ಏಳ್ನಿಲ್ಲ. ಏಳಿದ್ರೆ ಅತ್ಬುಡ್ತಾಳೆ. ಮೊದ್ಲಿಂದ್ಲೂ ಅಳುಬುರ್ಕಿ.”

ಅಳುಬುರುಕಿ ಆಗಲೇ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಯಜಮಾನರು ಹೊರೆಯನ್ನು ತಲೆಗೇರಿಸಿದರು. ಅವರು ಎರಡು ಹೆಜ್ಜೆ ಇಟ್ಟಿರಬೇಕು, ದೊಡ್ಡವ್ವನ ದನಿ ಬೀದಿಗೆಲ್ಲ ಕೇಳಿತು:

“ಬರ್ವಾಗ ಬರಿಗೈಲಿ ಬರ್ಬ್ಯಾಡ ಅನ್ನಿ! ನನ್ ಮಂಕ್ರಿ ಒತ್ಕಂಡ್ ಓಗವ್ಳೆ! ಸಗಣಿ ಒರಾಕೆ ಮನೇಲಿ ಇನ್ನೊಂದಿಲ್ಲ!”

ಯಜಮಾನರು ಅದನ್ನು ತಲೆಯ ಮೇಲೆ ಹೊತ್ತವರು ಹಾಗೇ ನಿಂತುಬಿಟ್ಟರು.

ಮಂಕರಿ! ಸಿಕ್ಕಿತಲ್ಲ! ಮಂಕರಿ ಕಣೆ ಪುಟ್ಟಿ. ಪೆನ್ನು ತಗೋ, ಮತ್ತೆ ಮರೆಯೋ ಮುಂಚೆ ಬರ್ಕೋ. ಯಾರದು ಅಂತಾನೂ ಬರಿ: ಮಳವಳ್ಳಿಯ ದೊಡ್ಡವ್ವನದು, ವಾಪಸು ಕೊಡೋಕೆ ಹೋಗಬೇಕು.