ಎತ್ತು ನೋಡುವ ಕಣ್ಣಿಗೆ ಬಿದ್ದ ಕೋಳಿ

ದನಕರು ನೋಡಿ ಆರಿಸುವುದರಲ್ಲಿ ನಮ್ಮ ಮನೆತನದ ಕಣ್ಣು ತಪ್ಪುವುದಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಜಂಬವೂ ಸ್ವಲ್ಪ ಇದೆ. ಅಪ್ಪ ಬೈಲಹೊಂಗಲದ ದನದ ಸಂತೆಗೆ ಹೊರಟರೆ ಅರ್ಧ ಊರು ಹಿಂದೆ ಹೊರಡುತ್ತಿತ್ತು. ಎತ್ತಿದ ಕತ್ತು, ಅಗಲ ಎದೆ, ದಪ್ಪ ಕಾಲು, ಗದರಿದರೂ ಬೆದರದ ಕಣ್ಣು ಇದ್ದ ಹೋರಿಯ ಹಗ್ಗ ಅವರು ಹಿಡಿದರೆಂದರೆ ಮಾತು ಮುಗಿಯಿತು. ನಾನು ಹೈಸ್ಕೂಲು ಮಾಸ್ತರನಾದರೂ ಆ ವಿದ್ಯೆ ನನ್ನ ರಕ್ತದಲ್ಲಿದೆ ಎಂದು ನಂಬಿದ್ದೆ.

ತೊಂಬತ್ತರ ದಶಕದಲ್ಲಿ ಸವದತ್ತಿ ಕಡೆಯ ಹೊಲಗಳಲ್ಲಿ ತಗಡಿನ ಕೋಳಿ ಶೆಡ್ಡುಗಳು ಎದ್ದವು. ಅಲ್ಲಿಯವರೆಗೆ ಹಿತ್ತಲಲ್ಲಿ ತಾನೇ ಹೆಕ್ಕಿ ತಿನ್ನುತ್ತಿದ್ದ ಕೋಳಿಗೆ ಈಗ ಲೈಟು, ಫ್ಯಾನು, ಇಂಜೆಕ್ಷನ್ನು. ನನಗೂ ಹುಚ್ಚು ಹಿಡಿಯಿತು. ಆದರೆ ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಅವ್ವನನ್ನು ಒಪ್ಪಿಸಬೇಕಲ್ಲ? ತತ್ತಿಯನ್ನು ಹೊರಗಿನಿಂದ ಹೊರಗೇ ಮಾರುತ್ತೇನೆಂದು ತಿಂಗಳುಗಟ್ಟಲೆ ಗೋಗರೆದೆ. ಕೊನೆಗೆ ಅವಳು, “ತತ್ತಿ ನೀ ಏನರ ಮಾಡಪ್ಪ. ಆದ್ರ ನಮ್ಮ ಮನಿ ಕಾಳು ತಿಂದ ಜೀವ ಒಂದೂ ಕತ್ತಿಗೆ ಹೋಗಬಾರ್ದು” ಎಂದಳು. ಮಾತು ಕೊಟ್ಟೆ. ಅವ್ವನಿಗೆ ಕೊಟ್ಟ ಮಾತು ಮುರಿಯುವ ಧೈರ್ಯ ನನಗೆ ಎಂದೂ ಇರಲಿಲ್ಲ.

ಯರಗಟ್ಟಿಯಲ್ಲಿ ಎರಡು ತಿಂಗಳ ನಾಟಿ ಮರಿಗಳನ್ನು ಮಾರುವವನೊಬ್ಬನಿದ್ದ. ತಾನೇ ಆರಿಸಿ ಕೊಡುತ್ತೇನೆಂದ. ನಮ್ಮ ಮನೆತನದವನಿಗೆ ಇನ್ನೊಬ್ಬರು ಆರಿಸಿ ಕೊಡುವುದೇ? ಬುಟ್ಟಿಗಳ ಮುಂದೆ ನಾನೇ ಕುಳಿತೆ. ಎತ್ತಿದ ಕತ್ತು, ಅಗಲ ಎದೆ, ದಪ್ಪ ಕಾಲು, ಬೆದರದ ಕಣ್ಣು, ಜೊತೆಗೆ ಕೆಂಪೇರಿದ ಜುಟ್ಟು. ಮೂಲೆಗೆ ಸರಿಯುವ ಸಪ್ಪೆ ಮರಿಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ನೂರರಲ್ಲಿ ಇಪ್ಪತ್ತನ್ನು ತೆಗೆದೆ. ಅವನು ಏನೋ ಹೇಳಲು ಬಂದ, ನಾನು ಬಿಡಲಿಲ್ಲ.

ತಿಂಗಳುಗಳು ಕಳೆದವು, ಜೋಳದ ಚೀಲ ಕರಗಿತು, ತತ್ತಿ ಮಾತ್ರ ಇಲ್ಲ. ಒಂದು ಬೆಳಗ್ಗೆ ಗೂಡಿನಲ್ಲಿ ಒಂದು ಕೋಳಿ ಕೂಗಿತು. ಹುಂಜವೊಂದು ತಪ್ಪಿ ಬಂದಿರಬೇಕು ಎಂದುಕೊಂಡೆ. ಮರುವಾರ ಐದು ಕೂಗಿದವು. ಆಗ ಜನ್ಮವೆಲ್ಲ ಕೋಳಿ ಸಾಕಿದ ಪಕ್ಕದ ಓಣಿಯ ಫಕೀರವ್ವನನ್ನು ಕರೆಸಿದೆ. ಅವಳು ಗೂಡಿನೊಳಗೆ ಬಗ್ಗಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, “ಇಪ್ಪತ್ತೂ ಹುಂಜ ಅದಾವರಿ ಮಾಸ್ತರ. ಭಾಳ ಚಂದ ಆರಿಸೀರಿ” ಎಂದಳು.

ಸುದ್ದಿ ತಿಳಿದು, ಮಾಂಸಕ್ಕೆ ಹುಂಜ ಕೊಳ್ಳುವವರು ಮನೆಬಾಗಿಲಿಗೇ ಬಂದರು. ಅವ್ವ ಗೂಡಿನ ಮುಂದೆ ಮಣೆ ಹಾಕಿ ಕುಳಿತು, “ನನ್ನ ಮಗಾ ಮಾತು ಕೊಟ್ಟಾನ್ರಿ” ಎಂದಷ್ಟೇ ಹೇಳಿ ಕಳಿಸಿದಳು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಇಪ್ಪತ್ತು ಹುಂಜಗಳೂ ಒಂದು ತತ್ತಿಯ ಉಪಕಾರವಿಲ್ಲದೆ ನಮ್ಮ ಕಾಳು ತಿಂದು, ವಯಸ್ಸಾಗಿಯೇ ಸತ್ತವು.

ಅವು ಬದುಕಿದ್ದಾಗಲೇ ತಂಗಿಗೆ ವರ ನೋಡಲು ರಾಮದುರ್ಗಕ್ಕೆ ಹೋಗುವುದಿತ್ತು. ಅವ್ವ ನನ್ನನ್ನು ಹುಂಜಗಳಿಗೆ ಕಾಳು ಹಾಕಲು ಬಿಟ್ಟು, ಫಕೀರವ್ವನನ್ನು ಕರೆದುಕೊಂಡು ಹೋದಳು. ಆ ಬೇಸರ ನನಗೆ ಇಂದಿಗೂ ಇದೆ. ನೂರು ಮರಿಗಳಲ್ಲಿ ಒಂದೂ ತಪ್ಪದಂತೆ ಇಪ್ಪತ್ತು ಗಂಡುಗಳನ್ನೇ ಆರಿಸಿದವನಿಗಿಂತ ವರ ಹುಡುಕಲು ಯೋಗ್ಯರಾದವರು ಆ ಸೀಮೆಯಲ್ಲಿ ಇನ್ನಾರಿದ್ದರು?