ನಾಲ್ಕನೇ ಸೀಟಿನ ಸ್ನಾತಕೋತ್ತರ ಪದವಿ

ಕೆಲವರ ಬೆನ್ನಿಗೆ ಸಾಡೇಸಾತಿ ಬೀಳುತ್ತದಂತೆ. ನನ್ನ ಬೆನ್ನಿಗೆ ಬಿದ್ದಿರುವುದು ನಗೆಪಾಟಲು. ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದ ಮೇಲೆ ಇನ್ನು ಆಗುವುದೆಲ್ಲ ಆಗಿ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಲವತ್ತಾರನೇ ವಯಸ್ಸಿಗೆ ವಿದ್ಯಾರ್ಥಿನಿಯಾದೆ ನೋಡಿ, ಅಸಲಿ ಆಟ ಅಲ್ಲಿಂದ ಶುರುವಾಯಿತು.

ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ಮನೆ, ನವಿ ಮುಂಬೈನ ಸೀವುಡ್ಸ್‌ನಲ್ಲಿ ಆಸ್ಪತ್ರೆ. ಒಂದು ದಿನ ನಮ್ಮ ದೊಡ್ಡ ಡಾಕ್ಟರು ಕರೆದು, "ಸಿಸ್ಟರ್, ಆಡಳಿತಾಧಿಕಾರಿಗಳು ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತಾರೆ. ಕೆಲಸ ನಿಮಗೆ ಗೊತ್ತು, ಕಾಗದ ಇಲ್ಲ. ಅಷ್ಟರೊಳಗೆ ಡಿಗ್ರಿ ತಂದರೆ ಕುರ್ಚಿ ನಿಮ್ಮದು, ಇಲ್ಲದಿದ್ದರೆ ಹೊರಗಿನವರನ್ನ ತರಬೇಕಾಗುತ್ತೆ" ಅಂದರು. ಹೊರಗಿನಿಂದ ಬಂದ ಮೂವರನ್ನು ನಾನು ಆಗಲೇ ಕಂಡಿದ್ದೆ. ಬೆಡ್‌ಪ್ಯಾನ್ ಯಾವ ಕಪಾಟಿನಲ್ಲಿದೆ ಎಂದು ಗೊತ್ತಿಲ್ಲದವರಿಗೆ ಇನ್ನು ಹನ್ನೆರಡು ವರ್ಷ ಗುಡ್ ಮಾರ್ನಿಂಗ್ ಹೇಳುವ ಶಕ್ತಿ ನನಗಿರಲಿಲ್ಲ. ಆಸ್ಪತ್ರೆ ಆಡಳಿತದ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿಬಿಟ್ಟೆ.

೧. ಲ್ಯಾಪ್‌ಟಾಪಿಗೆ ಕುಂಕುಮ

ಮೊದಲ ಕ್ಲಾಸು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಮ್ಮತ್ತೆ ವಿಜಯಪುರದ ಕಡೆಯವರು. ಮನೆಗೆ ಫ್ರಿಜ್ ಬರಲಿ, ಮಿಕ್ಸಿ ಬರಲಿ, ಕುಂಕುಮ ಹಚ್ಚದೆ ಯಾರಿಗೂ ಮುಟ್ಟಗೊಡುವವರಲ್ಲ. ಹೊಸ ಲ್ಯಾಪ್‌ಟಾಪನ್ನು ತೆರೆದಿಟ್ಟು ನಾನು ಸೀರೆ ಉಡಲು ಹೋದ ಹೊತ್ತಿನಲ್ಲಿ, ಅದರ ಹಣೆ ಎಲ್ಲಿರಬಹುದೆಂದು ಯೋಚಿಸಿ, ಮೇಲುಗಡೆ ನಟ್ಟನಡುವೆ ಒದ್ದೆ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಅಲ್ಲಿದ್ದದ್ದು ಕ್ಯಾಮೆರಾ!

ಕ್ಲಾಸು ಶುರುವಾಯಿತು. ಅರವತ್ತು ವಿದ್ಯಾರ್ಥಿಗಳ ಮುಖ ಸಾಲಾಗಿ ಮೂಡಿತು. ನನ್ನ ಚೌಕ ಮಾತ್ರ ಕೆಂಪು ಕೆಂಪು. ಪ್ರೊಫೆಸರರು ಗಾಬರಿಯಾಗಿ, "ಮೇಡಂ, ನೀವು ಎಮರ್ಜೆನ್ಸಿ ವಾರ್ಡಿನಲ್ಲಿದ್ದೀರಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ನೋಡಿ, ಡ್ಯೂಟಿಯ ನಡುವೆಯೂ ಕ್ಲಾಸಿಗೆ ಬಂದಿದ್ದಾರೆ. ಇಂಥ ನಿಷ್ಠೆ ಬೇಕು" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಚಪ್ಪಾಳೆ ಬಿದ್ದ ಮೇಲೆ ನಿಜ ಹೇಳುವುದು ಬಹಳ ಕಷ್ಟ.

ಹತ್ತನೇ ಕ್ಲಾಸಿನ ಮಗಳು ಇಣುಕಿ ನೋಡಿ, "ಮಮ್ಮಿ, ಕ್ಯಾಮೆರೇ ಪೇ ಅಜ್ಜೀ ಕಾ ಕುಂಕುಮ್ ಹೈ!" ಎಂದು ಕಿಸಕ್ಕನೆ ನಕ್ಕಳು. ಕ್ಲಾಸು ಮುಗಿದ ಮೇಲೆ ಅತ್ತೆಯನ್ನು ಕೇಳಿದೆ. ಅವರು ಸ್ವಲ್ಪವೂ ಅಳುಕಲಿಲ್ಲ.

"ಮತ್ತ? ಅರವತ್ತು ಮಂದಿ ಒಮ್ಮಿಗೇ ನೋಡಿದ್ರ ನಿನಗ ದೃಷ್ಟಿ ಆಗೂದಿಲ್ಲೇನು?"

೨. ಗಂಡ ಯಾವ ಪಟ್ಟಿಯಲ್ಲಿ?

ಮನೆಯಲ್ಲಿ ಓದಲು ಪುರುಸೊತ್ತಿಲ್ಲ, ಆಸ್ಪತ್ರೆಯಲ್ಲಿ ಕೇಳಲೇಬೇಡಿ. ಉಳಿದದ್ದು ರೈಲು. ಡೊಂಬಿವಲಿಯಿಂದ ಥಾಣೆಗೆ ಬಂದು, ಅಲ್ಲಿ ಪನ್ವೇಲ್ ಗಾಡಿಯ ಲೇಡೀಸ್ ಡಬ್ಬಿ ಹತ್ತಿದರೆ ಸೀವುಡ್ಸ್ ತನಕ ನಲವತ್ತು ನಿಮಿಷ. ರೆಕಾರ್ಡ್ ಆದ ಪಾಠಗಳನ್ನು ನಾನು ಕೇಳಿದ್ದು ಅಲ್ಲೇ.

ನಮ್ಮದೊಂದು ಗುಂಪಿತ್ತು. ಕಿಟಕಿ ಪಕ್ಕ ಉಡುಪಿ ಕಡೆಯ ಅಕ್ಕ. ಥಾಣೆಯ ವರ್ತಕ ನಗರದಲ್ಲಿ ಮನೆ, ಬೇಲಾಪುರದ ವಿಮೆ ಕಚೇರಿಯಲ್ಲಿ ಕೆಲಸ. ನಡುವೆ ಮರಾಠಿ ತಾಯಿ; ನಮ್ಮಲ್ಲಿ ಅಕ್ಕ ಅನ್ನುವಂತೆ ಅವರಲ್ಲಿ ತಾಯಿ. ಸಂಜೆಯ ಪಲ್ಯಕ್ಕೆ ಬೆಳಿಗ್ಗೆಯೇ ರೈಲಿನಲ್ಲಿ ಬಟಾಣಿ ಸುಲಿದುಕೊಳ್ಳುವವರು. ಮೂರನೆಯವಳು ಖಾರಘರಕ್ಕೆ ಹೋಗುವ ಮೈಸೂರಿನ ಐಟಿ ಹುಡುಗಿ. ಥಾಣೆಯಲ್ಲಿ ಕೂತೊಡನೆ ಮಲಗಿದರೆ ಏಳುವುದು ಖಾರಘರದಲ್ಲೇ. ಡೊಂಬಿವಲಿಯಿಂದ ಓಡೋಡಿ ಬರುವ ನನಗೆ ಕೊನೆಯ ನಾಲ್ಕನೇ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಕೂತಿದ್ದಾಳೆ ಅನ್ನುವುದು ಮರ್ಯಾದೆಯ ಮಾತು. ಅರ್ಧ ದೇಹ ಸೀಟಿನ ಮೇಲೆ, ಇನ್ನರ್ಧ ದೇವರ ಮೇಲೆ.

ಒಂದು ದಿನ ಇಯರ್‌ಫೋನ್ ಕೆಟ್ಟು ಪಾಠವನ್ನು ಜೋರಾಗಿಯೇ ಹಾಕಬೇಕಾಯಿತು. ಔಷಧಿ ದಾಸ್ತಾನಿನ ಪಾಠ. ಆಸ್ಪತ್ರೆಯ ವಸ್ತುಗಳಲ್ಲಿ ಮೂರು ಪಟ್ಟಿ: ಇಲ್ಲದಿದ್ದರೆ ಜೀವ ಹೋಗುವಂಥದ್ದು ವೈಟಲ್, ಇಲ್ಲದಿದ್ದರೆ ಕೆಲಸ ಕುಂಟುವಂಥದ್ದು ಎಸೆನ್ಶಿಯಲ್, ಇದ್ದರೆ ಒಳ್ಳೆಯದು ಅನ್ನುವಂಥದ್ದು ಡಿಸೈರೆಬಲ್. ತಾಯಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು. "ಅಗ, ಇದು ಅಡುಗೆಮನೆಯ ಪಾಠ ಗ! ಉಪ್ಪು ವೈಟಲ್, ಎಣ್ಣೆ ಎಸೆನ್ಶಿಯಲ್, ಗೋಡಂಬಿ ಡಿಸೈರೆಬಲ್."

"ಹಾಗಾದರೆ ಗಂಡ ಯಾವ ಪಟ್ಟಿಗೆ?" ಎಂದು ನಾನು ತಮಾಷೆಗೆ ಕೇಳಿದೆ.

ಕಿಟಕಿ ಅಕ್ಕ ಹೊರಗೆ ಐರೋಲಿಯ ಕಡಲ ಹಿನ್ನೀರು ನೋಡುತ್ತಲೇ ತೀರ್ಪು ಕೊಟ್ಟರು: "ಉಳಿದ ದಿನ ಡಿಸೈರೆಬಲ್ ಮಾರಾಯ್ತಿ. ಗ್ಯಾಸ್ ಸಿಲಿಂಡರ್ ಎತ್ತಲಿಕ್ಕೆ ಉಂಟಲ್ಲ, ಆ ದಿನ ಮಾತ್ರ ವೈಟಲ್."

ಮಾರನೇ ದಿನದಿಂದ ಯಾರೂ ಇಯರ್‌ಫೋನ್ ಹಾಕಗೊಡಲಿಲ್ಲ. ಎರಡು ವರ್ಷ ನನ್ನ ಫೀಸಿನಲ್ಲಿ ಇಡೀ ಬೆಂಚು ಓದಿತು.

೩. ಎಲ್ಲಿ ಇಳೀತೀರಿ?

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮ ಆಸ್ಪತ್ರೆಯ ದೊಡ್ಡ ತಲೆನೋವು ಹಾಸಿಗೆ. ಯಾವುದು ಯಾವಾಗ ಖಾಲಿಯಾಗುತ್ತದೆಂದು ತಿಳಿಯದೆ ಹೊಸ ರೋಗಿಗಳ ಕಡೆಯವರು ಲಾಬಿಯಲ್ಲಿ ಜಗಳ ಆಡುತ್ತಿದ್ದರು. ಉಪಾಯ ಹೊಳೆದದ್ದೂ ರೈಲಿನಲ್ಲೇ. ಇಲ್ಲಿ ನಿಂತವರು ಕೂತವರನ್ನು "ಕಿಧರ್ ಉತರೋಗೆ?" ಎಂದು ಕೇಳುತ್ತಾರೆ. ತುರ್ಭೆ ಅಂದರೆ ತುರ್ಭೆಗೆ ಆ ಸೀಟು ಕೇಳಿದವರದ್ದು. ಬರಹವಿಲ್ಲ, ಸಾಕ್ಷಿಯಿಲ್ಲ, ಆದರೂ ಮಾತು ತಪ್ಪುವವರಿಲ್ಲ. ನಾನು ಪ್ರತಿ ಹಾಸಿಗೆಯ ಮೇಲೂ ಡಿಸ್ಚಾರ್ಜ್ ಆಗಬಹುದಾದ ದಿನ, ಹೊತ್ತು ಬರೆದ ಫಲಕ ತೂಗುಹಾಕಿಸಿದೆ.

ಮೂರನೇ ದಿನ ವಾರ್ಡಿನಲ್ಲಿ ರೌಂಡ್ಸ್ ಮಾಡುತ್ತಿದ್ದೆ. ಕಲ್ಯಾಣದಿಂದ ಬಂದ ಹೆಂಗಸೊಬ್ಬರು ತಮ್ಮ ಅತ್ತೆಗೆ ಹಾಸಿಗೆ ಹುಡುಕುತ್ತ, ವಾಚ್‌ಮನ್ ಕಣ್ಣು ತಪ್ಪಿಸಿ ಒಳಗೆ ಬಂದಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಜ್ಜಿಯ ಹತ್ತಿರ ಹೋಗಿ, ಹಾಸಿಗೆಯ ತುದಿಗೆ ಕರ್ಚೀಫು ಹಾಸಿ, ವಿನಯದಿಂದಲೇ ಕೇಳಿದರು.

"ಮೌಶಿ, ಕಿಧರ್ ಉತರೋಗೆ?"

ಅಜ್ಜಿಗೆ ಏನೂ ವಿಚಿತ್ರ ಅನ್ನಿಸಲೇ ಇಲ್ಲ. ಜೀವಮಾನವಿಡೀ ಲೋಕಲ್‌ನಲ್ಲಿ ತಿರುಗಿದವರು. "ನಾಳೆ ಹನ್ನೊಂದಕ್ಕೆ ಇಳೀತೀನಮ್ಮ," ಎಂದು ಕರ್ಚೀಫು ಮಡಚಿ ವಾಪಸು ಕೊಟ್ಟರು. "ಆದರೆ ನನ್ನದು ಆಗಲೇ ಬಾಗಿಲ ಹತ್ತಿರದವರಿಗೆ ಹೇಳಿ ಆಗಿದೆ."

೪. ಕೋಣೆಯಲ್ಲಿ ನೀವೊಬ್ಬರೇ ತಾನೆ?

ಕೊನೆಗೆ ಮೌಖಿಕ ಪರೀಕ್ಷೆ, ಅದೂ ಆನ್‌ಲೈನಿನಲ್ಲೇ. ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಸರದಿ. ಅದು ತಪ್ಪಿಹೋದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಕುರ್ಚಿಗೆ ಹೊರಗಿನವರು ಬಂದಾಗಿರುತ್ತಾರೆ. ಅದಕ್ಕೇ ಆಸ್ಪತ್ರೆ ತಲುಪಿ ಅಲ್ಲೇ ಕೂತು ಪರೀಕ್ಷೆ ಕೊಡೋಣವೆಂದು ಎರಡು ಗಾಡಿ ಮುಂಚೆ ಹೊರಟೆ. ಗುಂಪಿನವರೂ ನನಗಾಗಿ ಬೇಗ ಬಂದಿದ್ದರು. ಜುಲೈ ಮಳೆಗೆ ಇದೆಲ್ಲ ಗೊತ್ತಾಗಬೇಕಲ್ಲ! ರಬಾಳೆ ದಾಟಿದ ಮೇಲೆ ಹಳಿ ನೀರಿನಲ್ಲಿ ಮುಳುಗಿ ಗಾಡಿ ನಿಂತಿತು. ಒಂಬತ್ತಾಯಿತು, ಒಂಬತ್ತೂಕಾಲು ಆಯಿತು. ನನ್ನ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಕಣ್ಣಲ್ಲಿ ನೀರು.

ಆಗ ಐಟಿ ಹುಡುಗಿ ಕಣ್ಣು ಬಿಟ್ಟಳು. ಎರಡು ವರ್ಷದಲ್ಲಿ ಖಾರಘರದ ಈಚೆ ಅವಳು ಎಚ್ಚರವಾದದ್ದು ಅದೇ ಮೊದಲು. "ಆಂಟಿ, ನನ್ನ ಹಾಟ್‌ಸ್ಪಾಟ್ ತಗೊಳ್ಳಿ" ಎಂದಳು.

ಪರದೆಯ ಮೇಲೆ ಪರೀಕ್ಷಕರು ಬಂದರು. ಬಿಳಿ ಮೀಸೆ, ಹಿಂದೆ ಪುಸ್ತಕದ ಕಪಾಟು. ಮೊದಲ ಪ್ರಶ್ನೆಯೇ, "ನಿಯಮದ ಪ್ರಕಾರ ಕೇಳ್ತಿದ್ದೀನಿ. ಕೋಣೆಯಲ್ಲಿ ನೀವೊಬ್ಬರೇ ತಾನೆ?"

ಸುಳ್ಳು ಹೇಳುವ ಹಾಗಿರಲಿಲ್ಲ. "ಇಲ್ಲ ಸರ್, ಸುಮಾರು ಇನ್ನೂರು ಜನ ಇದ್ದೇವೆ" ಎಂದು ಫೋನನ್ನು ಸುತ್ತ ತಿರುಗಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ನೋಡಿದರು. ನಂತರ, "ಯಾರೂ ಬಾಯಿ ತೆರೆಯಬಾರದು. ಒಂದು ಶಬ್ದ ಬಂದರೂ ಪರೀಕ್ಷೆ ರದ್ದು" ಎಂದರು. ತಾಯಿ ಎದ್ದು ನಿಂತು ಡಬ್ಬಿಗೆಲ್ಲ ಸಾರಿದರು. ಲೇಡೀಸ್ ಡಬ್ಬಿ ಮೌನವಾಯಿತು! ಹೇರ್‌ಕ್ಲಿಪ್ ಮಾರುವವಳು ಕೂಡ ತುಟಿ ಮೇಲೆ ಬೆರಳಿಟ್ಟುಕೊಂಡಳು.

ನಾಲ್ಕು ಪ್ರಶ್ನೆಗೆ ಉತ್ತರಿಸಿದೆ. ಐದನೆಯದು: "ದಾಸ್ತಾನಿನ ವಸ್ತುಗಳನ್ನು ಅವುಗಳ ಮಹತ್ವದ ಮೇಲೆ ಹೇಗೆ ವಿಂಗಡಿಸ್ತೀರಿ? ಉದಾಹರಣೆ ಕೊಡಿ."

ತಲೆ ಖಾಲಿ. ನೂರು ಸಲ ಕೇಳಿದ ಪಾಠ, ಒಂದಕ್ಷರ ನೆನಪಾಗಲಿಲ್ಲ. ಗುಟುಕು ನೀರು ಕುಡಿಯುವ ನೆಪದಲ್ಲಿ ತಲೆ ಎತ್ತಿದರೆ, ಜಾಗ ಬದಲಿಸಿ ಎದುರು ಕೂತಿದ್ದ ಕಿಟಕಿ ಅಕ್ಕ ಮಾತಾಡುವಂತಿಲ್ಲವೆಂದು ಕೆನ್ನೆ ಉಬ್ಬಿಸಿ, ಸೊಂಟ ಬಗ್ಗಿಸಿ, ಕಾಣದ ಗ್ಯಾಸ್ ಸಿಲಿಂಡರ್ ಒಂದನ್ನು ಹೆಗಲಿಗೆ ಎತ್ತುತ್ತಿದ್ದಾರೆ!

ನಗು ಒತ್ತರಿಸಿ ಬಂತು. ಅದರ ಹಿಂದೆಯೇ ಉತ್ತರವೂ ಬಂತು, ಉದಾಹರಣೆ ಸಮೇತ. "ಸರ್, ನಿಜ ಹೇಳ್ತೀನಿ, ಇದು ನನಗೆ ಮರೆತಿತ್ತು. ಗೆಳತಿಯೊಬ್ಬರು ಸಿಲಿಂಡರ್ ಎತ್ತಿ ತೋರಿಸಿ ನೆನಪಿಸಿದರು" ಎಂದು ವೈಟಲ್, ಎಸೆನ್ಶಿಯಲ್, ಡಿಸೈರೆಬಲ್ ಮೂರನ್ನೂ ವಿವರಿಸಿದೆ. "ಆದರೆ ವಸ್ತುವಿನ ಪಟ್ಟಿ ಕಾಯಂ ಅಲ್ಲ ಸರ್. ಗಂಡ ಉಳಿದ ದಿನ ಡಿಸೈರೆಬಲ್, ಸಿಲಿಂಡರ್ ಬಂದ ದಿನ ವೈಟಲ್."

ಪರೀಕ್ಷಕರ ಮೀಸೆ ಅಲುಗಲಿಲ್ಲ. ಮುಗಿಯಿತು ನನ್ನ ಕಥೆ, ಕುರ್ಚಿ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವರ ಪುಸ್ತಕದ ಕಪಾಟಿನ ಪಕ್ಕದಿಂದ ಹೆಂಗಸೊಬ್ಬರ ನಗು ಕೇಳಿಸಿತು. ತಡೆದು ತಡೆದು ತಡೆಯಲಾರದೆ ಬಂದ ನಗು. ಹಿಂದೆಯೇ ಮಾತು: "ಸರಿಯಾಗೇ ಹೇಳಿದ್ದಾರೆ ಕಣ್ರೀ, ಪಾಸ್ ಮಾಡಿ!"

ಪರೀಕ್ಷಕರ ಕೋಣೆಯಲ್ಲೂ ಅವರೊಬ್ಬರೇ ಇರಲಿಲ್ಲ.

ಆ ಮೇಲೆ ಇನ್ನೂರು ಹೆಂಗಸರನ್ನು ತಡೆಯುವವರು ಯಾರು? ಪರೀಕ್ಷಕರೂ ಮೀಸೆಯೊಳಗೆ ನಕ್ಕು, "ಪಾಸ್" ಅಂದದ್ದು ನನಗೆ ಕೇಳಿಸಲೇ ಇಲ್ಲ, ತುಟಿ ನೋಡಿ ತಿಳಿದುಕೊಂಡೆ. ಪ್ರಮಾಣಪತ್ರ ಬಂದ ದಿನ ಅದು ಡಬ್ಬಿಯ ಈ ತುದಿಯಿಂದ ಆ ತುದಿಗೆ ಕೈಯಿಂದ ಕೈಗೆ ಹೋಗಿ, ಮೂಲೆಯಲ್ಲಿ ಬಟಾಣಿಯ ಹಸಿರು ಕಲೆ ಅಂಟಿಸಿಕೊಂಡು ಬಂತು. ಅದೇ ಈಗ ಆಫೀಸಿನ ಗೋಡೆಯ ಮೇಲಿದೆ.

ಕುರ್ಚಿ ಸಿಕ್ಕಿತು, ಬೋರ್ಡಿನಲ್ಲಿ ಹೆಸರೂ ಬಂತು. ತಾಯಿ ರಿಟೈರ್ ಆದರು. ಅಕ್ಕನಿಗೆ ಥಾಣೆಗೇ ವರ್ಗವಾಯಿತು. ಹುಡುಗಿ ಖಾರಘರದಲ್ಲೇ ಮನೆ ಮಾಡಿಕೊಂಡಳಂತೆ, ಈಗ ಎಲ್ಲಿ ಮಲಗುತ್ತಾಳೋ! ನನ್ನನ್ನು ಕರೆದೊಯ್ಯಲು ಡೊಂಬಿವಲಿಗೆ ಆಸ್ಪತ್ರೆಯ ಕಾರು ಬರುತ್ತದೆ. ತಣ್ಣನೆಯ ಏಸಿ, ಮೂವರು ಕೂರುವ ಹಿಂದಿನ ಸೀಟು, ನಾನೊಬ್ಬಳೇ. ಅವರೆಲ್ಲ ಬಹಳ ನೆನಪಾಗುತ್ತಾರೆ.

ಮೊದಲ ವಾರವೇ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟ.

"ಮೇಡಂ, ಪೂರಾ ಸೀಟು ಖಾಲಿ ಇದೆ. ನೀವ್ಯಾಕೆ ಅಂಚಿನಲ್ಲಿ ನೇತಾಡ್ತಿದ್ದೀರಿ?"